ಹೋಮ್ ಥಿಯೇಟರ್ ಸ್ಪೀಕರ್, ಸಬ್‌ವೂಫರ್ ರಿಪೇರಿ: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ

"ಸಬ್‌ವೂಫರ್ ಸದ್ದು ನಿಂತಿತ್ತು. ಸ್ಪೀಕರ್ ಹೋಗಿದೆ ಅಂದುಕೊಂಡು ಹೊಸದು ತಂದು ಹಾಕಿದೆ. ಸ್ವಿಚ್ ಹಾಕಿ ಒಂದು ನಿಮಿಷ ಆಗಿರಲಿಲ್ಲ, ಸುಟ್ಟ ವಾಸನೆ ಬಂತು, ಅದೂ ಹೋಯಿತು."

ಹೋಮ್ ಥಿಯೇಟರ್ ರಿಪೇರಿಗೆ ಕೈಹಾಕಿದವರಿಂದ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಹೊಸ ಸ್ಪೀಕರ್‌ನದ್ದೇನೂ ತಪ್ಪಿಲ್ಲ. ಒಳಗಿನ ಆಂಪ್ಲಿಫೈಯರ್ ಕೆಟ್ಟು ಸ್ಪೀಕರ್‌ಗೆ ನೇರವಾಗಿ ಡಿಸಿ ಕರೆಂಟ್ (ಬ್ಯಾಟರಿಯದ್ದರಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಕಳಿಸುತ್ತಿತ್ತು. ಹಳೇದನ್ನು ಸುಟ್ಟಿದ್ದೂ ಅದೇ, ಹೊಸದನ್ನು ಸುಟ್ಟಿದ್ದೂ ಅದೇ. ಒಂದು ಮಲ್ಟಿಮೀಟರ್ ಹಿಡಿದು ಅರ್ಧ ನಿಮಿಷ ಅಳೆದಿದ್ದರೆ ದುಡ್ಡು ಉಳಿಯುತ್ತಿತ್ತು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದಿಂದ ಶುರು ಮಾಡಬೇಡಿ.

ಇಲ್ಲಿ ಹೇಳುತ್ತಿರುವುದು ನಮ್ಮ ಮನೆಗಳಲ್ಲಿ ಜಾಸ್ತಿ ಇರುವ 2.1, 4.1, 5.1 ಸೆಟ್‌ಗಳ ಬಗ್ಗೆ, ಅಂದರೆ ಸಬ್‌ವೂಫರ್ ಡಬ್ಬದೊಳಗೇ ಟ್ರಾನ್ಸ್‌ಫಾರ್ಮರ್ ಮತ್ತು ಆಂಪ್ಲಿಫೈಯರ್ ಬೋರ್ಡ್ ಇರುವಂಥವು. ಬೇರೆ ರಿಸೀವರ್ ಇರುವ ದೊಡ್ಡ ಸೆಟ್ ಆದರೆ 1ರಿಂದ 4ರವರೆಗಿನ ಹಂತಗಳು ನಿಮಗೂ ಹಾಗೇ ಅನ್ವಯಿಸುತ್ತವೆ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಡಿಜಿಟಲ್ ಮಲ್ಟಿಮೀಟರ್, 25 ವ್ಯಾಟ್ ಸೋಲ್ಡರಿಂಗ್ ಐರನ್, ಲೆಡ್ (ಬೆಸುಗೆ ತಂತಿ), ಫ್ಲಕ್ಸ್, ಹಳೇ ಲೆಡ್ ಎಳೆಯುವ ಪಂಪ್, ಸ್ಟಾರ್ ಸ್ಕ್ರೂಡ್ರೈವರ್ ಎರಡು ಸೈಜ್, 1.5 ವೋಲ್ಟ್‌ನ ಒಂದು ಪೆನ್ಸಿಲ್ ಸೆಲ್, 100 ಓಮ್ 5 ವ್ಯಾಟ್‌ನ ಒಂದು ರೆಸಿಸ್ಟರ್. ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡಿ, ಉಳಿದದ್ದನ್ನು ಹೇಗೋ ಹೊಂದಿಸಬಹುದು.

ಇನ್ನೊಂದು ಮುಖ್ಯವಾದದ್ದು ಸೀರೀಸ್ ಬಲ್ಬ್. 60 ವ್ಯಾಟ್‌ನ ಹಳೇ ಕಾಲದ ತಂತಿ ಬಲ್ಬನ್ನು ಹೋಲ್ಡರ್‌ಗೆ ಹಾಕಿ, ಸೆಟ್‌ಗೆ ಹೋಗುವ ಫೇಸ್ ಲೈನ್ ಅದರ ಮೂಲಕ ಹೋಗುವ ಹಾಗೆ ಒಂದು ಬೋರ್ಡ್ ಮಾಡಿಕೊಳ್ಳಬೇಕು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್‌ನ ಒಳಗಿನ ಬೋರ್ಡ್ ಸುಡುವುದಿಲ್ಲ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ವೈರಿಂಗ್ ಅಭ್ಯಾಸ ಇಲ್ಲದಿದ್ದರೆ ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿಕೊಳ್ಳಿ, ವರ್ಷಗಟ್ಟಲೆ ಬಳಕೆಗೆ ಬರುತ್ತದೆ.

ಬಿಡಿಭಾಗ ಬೆಂಗಳೂರಿನಲ್ಲಾದರೆ ಎಸ್.ಪಿ. ರೋಡ್‌ನಲ್ಲಿ ಸಿಗುತ್ತವೆ. ಬೇರೆ ಊರುಗಳಲ್ಲಿ ಟಿವಿ ರಿಪೇರಿ ಅಂಗಡಿಯವರನ್ನು ಕೇಳಿದರೆ ಎಲ್ಲಿ ಸಿಗುತ್ತದೆ ಎಂದು ಹೇಳುತ್ತಾರೆ. ಹಳೇ ಭಾಗವನ್ನು ಕಿತ್ತು ಜೊತೆಗೆ ತೆಗೆದುಕೊಂಡೇ ಹೋಗಿ.

## ಹಂತ 1: ಸ್ಕ್ರೂ ಮುಟ್ಟುವ ಮೊದಲು ಹೊರಗಿನದನ್ನು ನೋಡಿ

ರಿಪೇರಿಗೆ ಬರುವ ಎಷ್ಟೋ ಸೆಟ್‌ಗಳಲ್ಲಿ ಏನೂ ಕೆಟ್ಟಿರುವುದಿಲ್ಲ. "ಹಿಂದಿನ ಎರಡು ಸ್ಪೀಕರ್ ಸತ್ತಿವೆ, ಮಧ್ಯದ್ದೂ ಇಲ್ಲ" ಅಂತ ಬರುತ್ತಾರೆ. ನೋಡಿದರೆ ಟಿವಿಯಿಂದ ಎರಡು ಪಿನ್‌ನ ಆಕ್ಸ್ ವೈರ್ ಹಾಕಿರುತ್ತಾರೆ. ಆ ವೈರ್‌ನಲ್ಲಿ ಎಡ ಮತ್ತು ಬಲ, ಎರಡೇ ಚಾನೆಲ್ ಬರುತ್ತವೆ. ಕೆಲವು ಸೆಟ್‌ಗಳು ಅದನ್ನೇ ಎಲ್ಲ ಸ್ಪೀಕರ್‌ಗೂ ಹಂಚುತ್ತವೆ, ಕೆಲವು ಮುಂದಿನ ಎರಡಕ್ಕೆ ಮಾತ್ರ ಕೊಡುತ್ತವೆ. ರಿಮೋಟ್‌ನಲ್ಲಿ ಇನ್‌ಪುಟ್ ಯಾವುದಿದೆ, ಸಬ್‌ವೂಫರ್ ಮತ್ತು ಸರೌಂಡ್ ಲೆವೆಲ್ ಸೊನ್ನೆಗೆ ಇಳಿದಿದೆಯಾ ನೋಡಿ. ಆಪ್ಟಿಕಲ್ ವೈರ್ ಹಾಕಿದ್ದು ಸದ್ದೇ ಇಲ್ಲದಿದ್ದರೆ ಟಿವಿಯ ಆಡಿಯೊ ಸೆಟ್ಟಿಂಗ್‌ನಲ್ಲಿ ಪಿಸಿಎಂ ಆಯ್ಕೆ ಮಾಡಿ ನೋಡಿ.

ಆಮೇಲೆ ಹಿಂಬದಿಯ ವೈರ್‌ಗಳು. ಕ್ಲಿಪ್‌ಗೆ ಸಿಕ್ಕಿಸಿದ ವೈರ್‌ನ ಒಂದೇ ಒಂದು ಎಳೆ ಪಕ್ಕದ ಕ್ಲಿಪ್ ಮುಟ್ಟುತ್ತಿದ್ದರೂ ರಿಸೀವರ್ ಪ್ರೊಟೆಕ್ಟ್ ಅಂತ ತೋರಿಸಿ ಆಫ್ ಆಗುತ್ತದೆ. ಸಣ್ಣ ಸೆಟ್ ಆದರೆ ಐಸಿಯೇ (ಆಂಪ್ಲಿಫೈಯರ್ ಬೋರ್ಡ್‌ನ ಮುಖ್ಯ ಚಿಪ್) ಹೋಗಬಹುದು. ಮಂಗಳೂರು, ಕಾರವಾರದ ಕಡೆ ಉಪ್ಪು ಗಾಳಿಗೆ ತಾಮ್ರದ ತುದಿ ಹಸಿರುಗಟ್ಟಿರುತ್ತದೆ. ಅದನ್ನು ಕತ್ತರಿಸಿ, ಒಂದು ಸೆಂಟಿಮೀಟರ್ ಹೊಸದಾಗಿ ಸುಲಿದು, ಚೆನ್ನಾಗಿ ಹೊಸೆದು ಹಾಕಿ. ಕೆಂಪು-ಕಪ್ಪು ಅದಲು ಬದಲಾದರೆ ಸ್ಪೀಕರ್ ಹಾಳಾಗುವುದಿಲ್ಲ, ಆದರೆ ಸದ್ದು ಟೊಳ್ಳು ಅನ್ನಿಸುತ್ತದೆ, ಬೇಸ್ ಮಾಯವಾಗುತ್ತದೆ.

## ಹಂತ 2: ಅದಲು ಬದಲು ಮಾಡಿ ತಪ್ಪು ಎಲ್ಲಿದೆ ಎಂದು ಹಿಡಿಯಿರಿ

ಎಡ ಸ್ಪೀಕರ್ ಸದ್ದು ಮಾಡುತ್ತಿಲ್ಲ ಅನ್ನಿ. ಸೆಟ್ ಆಫ್ ಮಾಡಿ, ಎಡದ್ದನ್ನು ಬಲದ ಜಾಗಕ್ಕೆ, ಬಲದ್ದನ್ನು ಎಡದ ಜಾಗಕ್ಕೆ ಹಾಕಿ. ಈಗಲೂ ಅದೇ ಸ್ಪೀಕರ್ ಸುಮ್ಮನಿದ್ದರೆ ತೊಂದರೆ ಸ್ಪೀಕರ್ ಅಥವಾ ಅದರ ವೈರ್‌ನಲ್ಲಿದೆ. ಸುಮ್ಮನಾಗಿದ್ದು ಇನ್ನೊಂದು ಸ್ಪೀಕರ್ ಆದರೆ, ಅಂದರೆ ಎಡದ ಜಾಗವೇ ಸತ್ತಿದ್ದರೆ, ತೊಂದರೆ ಆಂಪ್ಲಿಫೈಯರ್ ಕಡೆ ಇದೆ. ಆಗ ಇನ್‌ಪುಟ್ ವೈರ್‌ನ ಎರಡು ಪಿನ್ ಅದಲು ಬದಲು ಮಾಡಿ. ಸದ್ದು ಇಲ್ಲದಿರುವುದು ಪಕ್ಕಕ್ಕೆ ಸರಿದರೆ ಇನ್‌ಪುಟ್ ವೈರ್ ಅಥವಾ ಟಿವಿಯದ್ದೇ ತಪ್ಪು.

ಒಂದು ಎಚ್ಚರಿಕೆ: ಸ್ವಿಚ್ ಹಾಕಿದ ತಕ್ಷಣ ಯಾವುದಾದರೂ ಸ್ಪೀಕರ್‌ನ ಕೋನ್ (ಅಲುಗಾಡಿ ಸದ್ದು ಮಾಡುವ ಮುಂಭಾಗ) ಮುಂದಕ್ಕೋ ಹಿಂದಕ್ಕೋ ಸರಿದು ಅಲ್ಲೇ ನಿಂತುಬಿಟ್ಟರೆ, ಅಥವಾ ಜೋರಾಗಿ ಗುಂಯ್ ಅಂದರೆ, ತಕ್ಷಣ ಪ್ಲಗ್ ಕೀಳಿ. ಡಿಸಿ ಬರುತ್ತಿರಬಹುದು. ಆ ಜಾಗಕ್ಕೆ ಒಳ್ಳೇ ಸ್ಪೀಕರ್ ಹಾಕಿ "ನೋಡೋಣ" ಅನ್ನಬೇಡಿ, ಅದೂ ಹೋಗುತ್ತದೆ. ಸೀದಾ ಹಂತ 5ಕ್ಕೆ ಹೋಗಿ.

## ಹಂತ 3: ಸ್ಪೀಕರ್ ಹೊರಗೆ ತೆಗೆದು ಪರೀಕ್ಷೆ

ಸಬ್‌ವೂಫರ್ ಸ್ಕ್ರೂ ಬಿಚ್ಚುವಾಗ ಕೋನ್ ಮೇಲೆ ಒಂದು ದಪ್ಪ ರಟ್ಟು ಇಟ್ಟುಕೊಳ್ಳಿ. ಮ್ಯಾಗ್ನೆಟ್ ಎಷ್ಟು ಬಲವಾಗಿರುತ್ತದೆ ಅಂದರೆ, ಕಬ್ಬಿಣದ ಸ್ಕ್ರೂಡ್ರೈವರ್ ಅಂಚಿನಿಂದ ಜಾರಿದರೆ ಸಾಕು, ಎಳೆದುಕೊಂಡು ಕೋನ್‌ಗೆ ತೂತು ಮಾಡುತ್ತದೆ. ನಾನು ಬಿಚ್ಚಿದ ಮೊದಲ ಸಬ್‌ವೂಫರ್‌ಗೆ ಹಾಗೇ ಆಯಿತು, ಅವತ್ತಿನಿಂದ ರಟ್ಟಿಲ್ಲದೆ ಬಿಚ್ಚಿಲ್ಲ.

ಹೊರಗೆ ತೆಗೆದ ಮೇಲೆ ಯಾವ ವೈರ್ ಪ್ಲಸ್‌ಗೆ ಇತ್ತು ಅಂತ ಫೋಟೋ ತೆಗೆದು, ಎರಡೂ ವೈರ್ ಬಿಡಿಸಿ. ಈಗ ಮೂರು ಪರೀಕ್ಷೆ ಇವೆ.

ಓಮ್ ಅಳತೆ. ಮಲ್ಟಿಮೀಟರ್‌ನ 200 ಓಮ್ ರೇಂಜ್‌ನಲ್ಲಿ ಎರಡು ತುದಿಗಳನ್ನು ಮುಟ್ಟಿಸಿ. 4 ಓಮ್ ಅಂತ ಬರೆದಿರುವ ಸ್ಪೀಕರ್ ಮೀಟರ್‌ನಲ್ಲಿ ಸುಮಾರು 3ರಿಂದ 3.8 ತೋರಿಸುತ್ತದೆ, 8 ಓಮ್‌ನದ್ದು 5.5ರಿಂದ 7. ಬರೆದಿದ್ದಕ್ಕಿಂತ ಕಡಿಮೆ ಬಂತು ಅಂತ ಗಾಬರಿಯಾಗಬೇಡಿ, ಅದು ಸರಿಯೇ. ಏನೂ ತೋರಿಸದಿದ್ದರೆ ಕಾಯಿಲ್ (ಕೋನ್ ಬುಡದಲ್ಲಿ ಸುತ್ತಿರುವ ತಂತಿ) ಅಥವಾ ಅದಕ್ಕೆ ಹೋಗುವ ಲೀಡ್ ವೈರ್ ತುಂಡಾಗಿದೆ. 1 ಓಮ್‌ಗಿಂತ ಕಡಿಮೆ ಬಂದರೆ ಕಾಯಿಲ್ ಸುಟ್ಟು ಅಂಟಿಕೊಂಡಿದೆ. ಅಂಥದ್ದನ್ನು ಮತ್ತೆ ಆಂಪ್ಲಿಫೈಯರ್‌ಗೆ ಹಾಕಿದರೆ ಐಸಿ ಸುಡುತ್ತದೆ.

ಸೆಲ್ ಪರೀಕ್ಷೆ. 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ಸ್ಪೀಕರ್ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಕ್ಷಣಮಾತ್ರ ಮುಟ್ಟಿಸಿ. ಟಪ್ ಅಂತ ಸದ್ದಾಗಿ ಕೋನ್ ಹೊರಕ್ಕೆ ಬರಬೇಕು. ಟರ್ಮಿನಲ್ ಮೇಲಿನ ಗುರುತು ಅಳಿಸಿದ್ದರೆ ಪ್ಲಸ್ ಯಾವುದು ಎಂದು ತಿಳಿಯುವುದೂ ಹೀಗೆಯೇ. 9 ವೋಲ್ಟ್ ಬ್ಯಾಟರಿ ಬಳಸಬೇಡಿ, ಟ್ವೀಟರ್‌ಗಂತೂ (ಕೀಚಲು ಸದ್ದಿಗೆ ಇರುವ ಸಣ್ಣ ಸ್ಪೀಕರ್) ಮುಟ್ಟಿಸಲೇಬೇಡಿ.

ಕೈ ಪರೀಕ್ಷೆ. ಎರಡೂ ಕೈಯ ಬೆರಳುಗಳನ್ನು ಕೋನ್ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಡಿ. ಒಂದೇ ಕಡೆ ಒತ್ತಿದರೆ ಒಳ್ಳೇ ಸ್ಪೀಕರ್ ಕೂಡ ಉಜ್ಜುತ್ತದೆ. ಸಮನಾಗಿ ಒತ್ತಿದರೂ ಕರಕರ ಅಂದರೆ ಕಾಯಿಲ್ ಮ್ಯಾಗ್ನೆಟ್‌ಗೆ ಉಜ್ಜುತ್ತಿದೆ. ಕೋನ್ ಅಲ್ಲಾಡದೆ ಕಲ್ಲಿನಂತಿದ್ದರೆ ಕಾಯಿಲ್ ಉಬ್ಬಿ ಸಿಕ್ಕಿಕೊಂಡಿದೆ, ಇಲ್ಲವೇ ಎಲ್ಲಿಂದಲೋ ಬಿದ್ದು ಮ್ಯಾಗ್ನೆಟ್ ಸರಿದಿದೆ. ಮ್ಯಾಗ್ನೆಟ್ ಸರಿದದ್ದನ್ನು ಮನೆಯಲ್ಲಿ ಸರಿಮಾಡಲು ಹೋಗಬೇಡಿ.

ಟ್ವೀಟರ್ ಇರುವ ಡಬ್ಬದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಟ್ವೀಟರ್‌ಗೆ ಸಾಲಿನಲ್ಲಿ 2.2 ಅಥವಾ 4.7 ಮೈಕ್ರೋಫ್ಯಾರಡ್‌ನಂಥ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಆಚೆಯಿಂದ ಅಳೆದರೆ ಟ್ವೀಟರ್ ಚೆನ್ನಾಗಿದ್ದರೂ ಮೀಟರ್ ಏನೂ ತೋರಿಸುವುದಿಲ್ಲ. ಟ್ವೀಟರ್‌ನ ಎರಡು ಕಡ್ಡಿಗಳ ಮೇಲೇ ನೇರವಾಗಿ ಅಳೆಯಿರಿ.

## ಹಂತ 4: ಸ್ಪೀಕರ್ ರಿಪೇರಿ

ಲೀಡ್ ವೈರ್. ಟರ್ಮಿನಲ್‌ನಿಂದ ಕೋನ್‌ಗೆ ಹೋಗುವ ಹೆಣೆದ ವೈರ್ ಕೋನ್ ಸೇರುವ ಜಾಗದಲ್ಲೇ ತುಂಡಾಗುತ್ತದೆ, ಯಾಕೆಂದರೆ ಪ್ರತಿ ಬೀಟ್‌ಗೂ ಅದು ಮಡಚುವುದು ಅಲ್ಲೇ. ಸದ್ದು ಬಂದು ಬಂದು ಹೋಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಅಂಗಡಿಯಲ್ಲಿ "ಸ್ಪೀಕರ್ ಲೀಡ್ ವೈರ್" ಅಂತಲೇ ಕೇಳಿ ತನ್ನಿ. ಮಾಮೂಲಿ ವೈರ್ ಹಾಕಿದರೆ ಕೆಲವೇ ದಿನಕ್ಕೆ ತುಂಡಾಗುತ್ತದೆ. ಹಳೇದರಷ್ಟೇ ಸಡಿಲ ಬಿಡಿ. ಬಿಗಿಯಾದರೆ ಕೋನ್ ಎಳೆಯುತ್ತದೆ, ಜಾಸ್ತಿ ಸಡಿಲವಾದರೆ ಕೋನ್‌ಗೆ ಬಡಿದು ಪಟಪಟ ಅನ್ನುತ್ತದೆ.

ಫೋಮ್ ರಿಂಗ್. ಕೋನ್ ಸುತ್ತಲಿನ ಮೆತ್ತನೆಯ ಫೋಮ್ ತೇವಕ್ಕೆ, ಬಿಸಿಲಿಗೆ, ವಯಸ್ಸಿಗೆ ಪುಡಿಯಾಗುತ್ತದೆ. ಶಿರಸಿ ಕಡೆಯ ನಮ್ಮ ಚಿಕ್ಕಮ್ಮನ ಮನೆಯ ಸೆಟ್ಟು ಎರಡು ಮಳೆಗಾಲ ಮೂಲೆಯಲ್ಲಿ ಕೂತಿತ್ತು. ಜಾಲರಿ ತೆಗೆದು ಬೆರಳಲ್ಲಿ ಮುಟ್ಟಿದರೆ ಫೋಮ್ ನೆನೆದ ರಸ್ಕಿನ ಹಾಗೆ ಕೈಗೆ ಅಂಟಿಕೊಂಡು ಬಂತು. ಆದರೆ ಕಾಯಿಲ್ 3.4 ಓಮ್ ತೋರಿಸುತ್ತಿತ್ತು, ಅಂದರೆ ಸ್ಪೀಕರ್ ಬದುಕಿತ್ತು. ಇಂಥದ್ದನ್ನು ಬಿಸಾಡಬೇಡಿ. ರಿಂಗ್ ಒಂದನ್ನೇ ಬದಲಿಸಿದರೆ ಸಾಕು.

ರಿಂಗ್ ತರುವ ಮೊದಲು ಅಳತೆ ತೆಗೆಯಿರಿ: ಕೋನ್‌ನ ಹೊರ ಅಂಚಿನ ಅಗಲ, ಫ್ರೇಮ್ ಮೇಲೆ ಅಂಟುವ ಜಾಗದ ಒಳ ಮತ್ತು ಹೊರ ಅಗಲ. "6 ಇಂಚಿನದು ಕೊಡಿ" ಅಂತ ಸುಮ್ನೆ ಕೇಳಿದರೆ ಬಹಳ ಸಲ ಹೊಂದುವುದಿಲ್ಲ. ಕೆಲಸದ ಕ್ರಮ ಹೀಗಿದೆ:

1. ಹಳೇ ಫೋಮ್ ಮತ್ತು ಅಂಟನ್ನು ಮೊಂಡು ಚಾಕುವಿನಿಂದ ಪೂರ್ತಿ ಕೆರೆಯಿರಿ. ಅಂಟು ಉಳಿದರೆ ಹೊಸ ರಿಂಗ್ ಸಮನಾಗಿ ಕೂರುವುದಿಲ್ಲ. ಕೋನ್ ಕಾಗದದ್ದಾದರೆ ನೀರು ತಾಗಿಸಬೇಡಿ.

2. ನಡುವಿನ ಗುಮ್ಮಟದಂಥ ಡಸ್ಟ್ ಕ್ಯಾಪನ್ನು ಬ್ಲೇಡಿನಿಂದ ಹುಷಾರಾಗಿ ಕತ್ತರಿಸಿ ಎತ್ತಿ. ಬ್ಲೇಡ್ ತುದಿ ಆಳಕ್ಕೆ ಹೋದರೆ ಕೆಳಗೇ ಇರುವ ಕಾಯಿಲ್ ವೈರ್ ಕತ್ತರಿಸಿಹೋಗುತ್ತದೆ.

3. ಹಳೇ ಎಕ್ಸ್‌ರೇ ಫಿಲ್ಮನ್ನು ಬೆರಳಗಲದ ನಾಲ್ಕು ಪಟ್ಟಿ ಮಾಡಿ, ಕಾಯಿಲ್ ಮತ್ತು ನಡುವಿನ ಕಬ್ಬಿಣದ ಕಂಬದ ಮಧ್ಯೆ ನಾಲ್ಕು ದಿಕ್ಕಿನಲ್ಲೂ ಇಳಿಸಿ. ಈಗ ಕಾಯಿಲ್ ಸರಿಯಾಗಿ ನಡುವಿಗೆ ನಿಲ್ಲುತ್ತದೆ. ಇಡೀ ರಿಪೇರಿಯಲ್ಲಿ ಜನ ಬಿಟ್ಟುಬಿಡುವ ಹಂತ ಇದೇ, ಆಮೇಲೆ ಕರಕರ ಸದ್ದು ಬಂತು ಅಂತ ಕೊರಗುವುದೂ ಇದಕ್ಕೇ.

4. ಮೊದಲು ರಿಂಗನ್ನು ಕೋನ್‌ಗೆ ಮಾತ್ರ ಅಂಟಿಸಿ ಒಣಗಲು ಬಿಡಿ. ಆಮೇಲೆ ಫ್ರೇಮ್‌ಗೆ. ಎರಡನ್ನೂ ಒಟ್ಟಿಗೆ ಅಂಟಿಸಿದರೆ ಯಾವುದೂ ನೆಟ್ಟಗೆ ಕೂರುವುದಿಲ್ಲ. ಬಟ್ಟೆ ಕ್ಲಿಪ್‌ಗಳನ್ನು ಸುತ್ತಲೂ ಹಾಕಿ ಒಂದು ದಿನ ಬಿಡಿ.

5. ಒಣಗಿದ ಮೇಲೆ ಪಟ್ಟಿಗಳನ್ನು ಎಳೆದು ತೆಗೆದು, ಮತ್ತೆ ಕೈ ಪರೀಕ್ಷೆ ಮಾಡಿ. ಸದ್ದಿಲ್ಲದೆ ಆಡಿದರೆ ಮಾತ್ರ ಡಸ್ಟ್ ಕ್ಯಾಪ್ ಅಂಟಿಸಿ.

ಅಂಟಿನ ವಿಷಯಕ್ಕೆ ಬಂದರೆ, ಕಾಗದದ ಕೋನ್ ಮತ್ತು ಫೋಮ್‌ಗೆ ಮರಗೆಲಸದವರು ಬಳಸುವ ಬಿಳಿ ಅಂಟು ಸಾಕು. ನಿಧಾನ ಒಣಗುತ್ತದೆ, ಆದ್ದರಿಂದ ಸರಿಸಿ ಕೂರಿಸಲು ಸಮಯ ಸಿಗುತ್ತದೆ. ಪ್ಲಾಸ್ಟಿಕ್ ಕೋನ್ ಅಥವಾ ರಬ್ಬರ್ ರಿಂಗ್ ಆದರೆ ರಬ್ಬರ್ ಅಂಟು ಬೇಕು. ಫೆವಿಕ್ವಿಕ್‌ನಂಥ ತಕ್ಷಣ ಹಿಡಿಯುವ ಅಂಟು ಬೇಡ. ಅದು ಗಾಜಿನಂತೆ ಗಡುಸಾಗುತ್ತದೆ, ಕೋನ್ ಆಡುವಾಗ ಬಿರಿಯುತ್ತದೆ.

ಕಾಯಿಲ್ ಸುಟ್ಟಿದ್ದರೆ? ಸಣ್ಣ ಸ್ಪೀಕರ್‌ಗೆ ಕಾಯಿಲ್ ಕಟ್ಟಿಸುವುದಕ್ಕಿಂತ ಹೊಸ ಸ್ಪೀಕರ್ ತರುವುದೇ ಮೇಲು. 8 ಇಂಚಿಗಿಂತ ದೊಡ್ಡದಾದರೆ ಡಿಜೆ, ಮೈಕ್‌ಸೆಟ್ ಸ್ಪೀಕರ್ ರಿಪೇರಿ ಮಾಡುವವರ ಹತ್ತಿರ ಕೇಳಿ. ಹೊಸದು ತರುವಾಗ ಓಮ್ ಅದೇ ಇರಲಿ. 8 ಓಮ್ ಜಾಗಕ್ಕೆ 4 ಓಮ್ ಹಾಕಿದರೆ ಐಸಿಯಿಂದ ಎರಡರಷ್ಟು ಕರೆಂಟ್ ಎಳೆಯುತ್ತದೆ.

## ಹಂತ 5: ಆಂಪ್ಲಿಫೈಯರ್ ತೆರೆಯುವುದು

ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಹಿಂದಿನ ತಗಡು ಬಿಚ್ಚಿ ಮೊದಲು ಕಣ್ಣಲ್ಲೇ ನೋಡಿ: ಜಿರಳೆ ಗೂಡು, ಹಲ್ಲಿ, ಇಲಿ ಕಡಿದ ವೈರ್. ಸಬ್‌ವೂಫರ್‌ನ ಗಾಳಿ ತೂತಿನಿಂದ ಇವು ಒಳಗೆ ಹೋಗುತ್ತವೆ.

ಒಳಗೆ ಭಾರದ ಟ್ರಾನ್ಸ್‌ಫಾರ್ಮರ್ ಇದ್ದರೆ ಮುಂದುವರಿಯಿರಿ. ಟ್ರಾನ್ಸ್‌ಫಾರ್ಮರ್ ಬದಲು ಹಗುರವಾದ ಎಸ್‌ಎಂಪಿಎಸ್ ಬೋರ್ಡ್ (ಮೊಬೈಲ್ ಚಾರ್ಜರ್‌ನಂಥ ಪವರ್ ಸಪ್ಲೈ) ಇದ್ದರೆ ಇಲ್ಲಿಗೇ ನಿಲ್ಲಿಸಿ. ಅದರ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು, ಜೀವಕ್ಕೇ ಅಪಾಯ. ಅದನ್ನು ಮೆಕ್ಯಾನಿಕ್‌ಗೆ ಕೊಡಿ.

ಟ್ರಾನ್ಸ್‌ಫಾರ್ಮರ್ ಸೆಟ್‌ನಲ್ಲಿ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳ ಎರಡು ಕಾಲಿಗೆ 100 ಓಮ್ ರೆಸಿಸ್ಟರ್ ಐದಾರು ಸೆಕೆಂಡ್ ಹಿಡಿಯಿರಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸಬೇಡಿ. ಮೀಟರ್‌ನಲ್ಲಿ ಸೊನ್ನೆ ಬಂದ ಮೇಲೇ ಕೈಹಾಕಿ.

ಸೆಟ್ ಪೂರ್ತಿ ಸತ್ತಿದ್ದರೆ ಫ್ಯೂಸ್ ನೋಡಿ. ಹೋಗಿದ್ದರೆ ಅದೇ ಆಂಪಿಯರ್‌ನದ್ದೇ ಹಾಕಿ. ತಂತಿ ಸುತ್ತಿ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ಅದರಿಂದ ಟ್ರಾನ್ಸ್‌ಫಾರ್ಮರ್ ಸುಟ್ಟು ಡಬ್ಬಕ್ಕೆ ಬೆಂಕಿ ಹತ್ತಬಹುದು. ಫ್ಯೂಸ್ ಸರಿಯಿದ್ದರೆ ಟ್ರಾನ್ಸ್‌ಫಾರ್ಮರ್‌ನ 230 ವೋಲ್ಟ್ ಕಡೆಯ ಎರಡು ವೈರ್‌ಗಳನ್ನು, ಪ್ಲಗ್ ಹಾಕದೆಯೇ, ಓಮ್ ರೇಂಜ್‌ನಲ್ಲಿ ಅಳೆಯಿರಿ. ಏನೂ ತೋರಿಸದಿದ್ದರೆ ಮೇಲಿನ ಟೇಪಿನ ಕೆಳಗಿರುವ ಥರ್ಮಲ್ ಫ್ಯೂಸ್ ಹೋಗಿರಬಹುದು. ಅದನ್ನು ನೇರ ಮಾಡಿ ಓಡಿಸಬೇಡಿ, ಅದೇ ಡಿಗ್ರಿಯದ್ದು ಹಾಕಿಸಿ ಅಥವಾ ಟ್ರಾನ್ಸ್‌ಫಾರ್ಮರ್ ಬದಲಿಸಿ.

ಆಮೇಲೆ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಬುಡದಲ್ಲಿ ಕಂದು ಜಿಗುಟು ಇದ್ದರೆ ಬದಲಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ, 105 ಡಿಗ್ರಿಯದ್ದು ತನ್ನಿ. ಬಿಳಿ ಅಥವಾ ಬೂದು ಪಟ್ಟಿ ಇರುವ ಕಾಲು ಮೈನಸ್. ಉಲ್ಟಾ ಹಾಕಿದರೆ ಸಿಡಿಯುತ್ತದೆ.

## ಹಂತ 6: ಡಿಸಿ ಅಳೆಯದೆ ಸ್ಪೀಕರ್ ಜೋಡಿಸಬೇಡಿ

ಈ ಬರಹದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎಲ್ಲ ಸ್ಪೀಕರ್ ಬಿಡಿಸಿ. ಸೆಟ್ಟನ್ನು ಸೀರೀಸ್ ಬಲ್ಬ್ ಮೂಲಕ ಹಾಕಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಅದು ಕೆಪಾಸಿಟರ್ ತುಂಬಿಕೊಂಡಿದ್ದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ: ಡಯೋಡ್, ಕೆಪಾಸಿಟರ್, ಇಲ್ಲವೇ ಐಸಿ.

ಮಂಕಾದರೆ ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ ವೋಲ್ಟ್ ನೋಡಿ. 12-0-12 ಟ್ರಾನ್ಸ್‌ಫಾರ್ಮರ್ ಆದರೆ ನಡುವಿನ ಗ್ರೌಂಡ್‌ಗೆ (ಟ್ರಾನ್ಸ್‌ಫಾರ್ಮರ್‌ನ 0 ವೈರ್ ಸೇರುವ ಜಾಗ) ಹೋಲಿಸಿದರೆ ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್ ಸುಮಾರು 16–17 ವೋಲ್ಟ್ ಇರಬೇಕು. ಬಲ್ಬ್ ಇರುವುದರಿಂದ ಸ್ವಲ್ಪ ಕಡಿಮೆ ಬರಬಹುದು, ಆದರೆ ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಒಂದು ಕಡೆ ಇಲ್ಲದಿದ್ದರೆ ಡಯೋಡ್ ಅಥವಾ ಬಿರುಕುಬಿಟ್ಟ ಬೆಸುಗೆ ಹುಡುಕಿ.

ಈಗ ಸಬ್‌ವೂಫರ್‌ಗೆ ಹೋಗುವ ಎರಡು ವೈರ್‌ಗಳ ನಡುವೆ ಡಿಸಿ ಅಳೆಯಿರಿ. 0.1 ವೋಲ್ಟ್ ಒಳಗೆ ಇದ್ದರೆ ಸರಿ. 10, 15 ವೋಲ್ಟ್ ಬಂದರೆ ಆ ಚಾನೆಲ್‌ನ ಐಸಿ ಹೋಗಿದೆ. ಉಳಿದ ಚಾನೆಲ್‌ಗಳನ್ನೂ ಹೀಗೇ ಒಂದೊಂದಾಗಿ ಅಳೆಯಿರಿ. ಮೀಟರ್‌ನ ಎರಡೂ ಕಡ್ಡಿ ಸ್ಪೀಕರ್ ವೈರ್‌ಗಳ ಮೇಲೇ ಇರಲಿ. ಕೆಲವು ಬೋರ್ಡ್‌ಗಳಲ್ಲಿ ಕಪ್ಪು ವೈರ್ ಗ್ರೌಂಡ್ ಆಗಿರುವುದಿಲ್ಲ. ಅಂಥ ಕಪ್ಪು ವೈರನ್ನು ಗ್ರೌಂಡ್‌ಗೆ ಸೇರಿಸಿದರೆ ಒಳ್ಳೇ ಐಸಿಯೂ ಹೋಗುತ್ತದೆ.

## ಹಂತ 7: ಐಸಿ ಬದಲಾವಣೆ

ಇಂಥ ಸೆಟ್‌ಗಳಲ್ಲಿ ಬಹಳ ಸಲ ಕಾಣುವುದು ಐದು ಕಾಲಿನ ಟಿಡಿಎ 2030ಎ. ಇದರ ಬೆನ್ನಿನ ಲೋಹ ಒಳಗಿನಿಂದ 3ನೇ ಕಾಲಿಗೆ, ಅಂದರೆ ಮೈನಸ್ ಸಪ್ಲೈಗೆ ಸೇರಿದೆ. ಪ್ಲಸ್-ಮೈನಸ್ ಎರಡೂ ಸಪ್ಲೈ ಇರುವ ಸೆಟ್‌ನಲ್ಲಿ ಹೀಟ್‌ಸಿಂಕ್ (ಐಸಿಯ ಬಿಸಿ ಹೀರುವ ಲೋಹದ ತುಂಡು) ಬಹಳ ಸಲ ಗ್ರೌಂಡ್‌ಗೆ ತಾಗಿರುತ್ತದೆ. ಅದಕ್ಕೇ ನಡುವೆ ಮೈಕಾ ಶೀಟ್ ಮತ್ತು ಸ್ಕ್ರೂಗೆ ಪ್ಲಾಸ್ಟಿಕ್ ವಾಷರ್ ಹಾಕಿರುತ್ತಾರೆ. ಹಳೇ ಐಸಿ ಕೀಳುವಾಗ ಆ ತೆಳು ಹಾಳೆ ಕೆಳಗೆ ಬಿದ್ದಿದ್ದನ್ನು ಗಮನಿಸದೆ ಹೊಸದನ್ನು ಬಿಗಿದು, ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಯಿತು ಅನ್ನುವವರು ಬಹಳ ಜನ. ಬಿಗಿದ ಮೇಲೆ ಐಸಿ ಬೆನ್ನಿಗೂ ಹೀಟ್‌ಸಿಂಕ್‌ಗೂ ಮೀಟರ್ ಹಿಡಿಯಿರಿ, ಬೀಪ್ ಅನ್ನಬಾರದು. ಮೈಕಾದ ಎರಡೂ ಬದಿಗೆ ತೆಳುವಾಗಿ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ. ಮೊದಲು ಸ್ಕ್ರೂ ಬಿಗಿದು ಆಮೇಲೆ ಬೆಸುಗೆ ಹಾಕಿ, ಇಲ್ಲದಿದ್ದರೆ ಕಾಲುಗಳ ಮೇಲೆ ಎಳೆತ ಬಂದು ಬೆಸುಗೆ ಬಿರಿಯುತ್ತದೆ.

ಹಾಕಿದ ಮೇಲೆ ಮತ್ತೆ ಹಂತ 6. ಡಿಸಿ ಸೊನ್ನೆ ಹತ್ತಿರ ಬಂದ ಮೇಲೇ ಸ್ಪೀಕರ್.

## ಹಂತ 8: ಗುಂಯ್ ಸದ್ದು, ಕರಕರ ಸದ್ದು

ಗುಂಯ್ ಅನ್ನುತ್ತಿದ್ದರೆ ಇನ್‌ಪುಟ್ ವೈರ್ ಕಿತ್ತು ನೋಡಿ. ನಿಂತರೆ ತೊಂದರೆ ಹೊರಗಿದೆ: ವೈರ್‌ನ ಹೊರ ಜಾಲರಿ ತುಂಡಾಗಿರಬಹುದು, ಅಥವಾ ಟಿವಿ, ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರ್ ನಡುವೆ ಗ್ರೌಂಡ್ ಲೂಪ್ (ಗ್ರೌಂಡ್ ವೈರ್‌ಗಳು ಒಂದು ಸುತ್ತು ಸೇರಿಕೊಳ್ಳುವುದು) ಆಗಿರಬಹುದು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದರೆ ಬಹಳ ಸಲ ಕಡಿಮೆಯಾಗುತ್ತದೆ. ಅರ್ಥಿಂಗ್ ಪಿನ್ ಕತ್ತರಿಸಿ ಸದ್ದು ನಿಲ್ಲಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಶಾಕ್ ಹೊಡೆಯುತ್ತದೆ. ವೈರ್ ಕಿತ್ತರೂ, ವಾಲ್ಯೂಮ್ ಸೊನ್ನೆಗಿಳಿಸಿದರೂ ಸದ್ದು ಹಾಗೇ ಇದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು.

ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಅಂದರೆ ಪ್ಲಗ್ ಕಿತ್ತು, ಕಂಟ್ರೋಲ್‌ನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಬೇಡ, ಧೂಳು ಹಿಡಿದು ಇನ್ನೂ ಕೆಡುತ್ತದೆ.

ಬೇಸ್ ಬಂದಾಗ ಮಾತ್ರ ಡಬ್ಬವೇ ಗಡಗಡ ಅಂದರೆ ಸ್ಪೀಕರ್ ಸ್ಕ್ರೂ ಸಡಿಲವಾಗಿದೆಯಾ, ಡಬ್ಬದ ಬುಡ ಊದಿಕೊಂಡಿದೆಯಾ ನೋಡಿ. ನೆಲ ಒರೆಸುವ ನೀರು ತಾಗಿ ತಾಗಿ ಎಂಡಿಎಫ್ ಹಲಗೆ ಉಬ್ಬುತ್ತದೆ. ಒಣಗಿಸಿ, ಬಿಳಿ ಅಂಟು ತುಂಬಿ, ಬಿಗಿದು ಕಟ್ಟಿ ಇಡಿ. ಕೆಳಗೆ ರಬ್ಬರ್ ಕಾಲು ಹಾಕಿ.

## ಹಂತ 9: ಮುಚ್ಚುವ ಮೊದಲು

ಸ್ಪೀಕರ್ ಜೋಡಿಸಿ, ಸೀರೀಸ್ ಬಲ್ಬ್ ಇಟ್ಟುಕೊಂಡೇ ಕಡಿಮೆ ವಾಲ್ಯೂಮ್‌ನಲ್ಲಿ ಹತ್ತು ನಿಮಿಷ ಹಾಡು ಹಾಕಿ. ಆಮೇಲೆ ಬಲ್ಬ್ ತೆಗೆದು ನೇರ ಕರೆಂಟ್‌ನಲ್ಲಿ ಅರ್ಧ ಗಂಟೆ ಓಡಿಸಿ. ಪ್ಲಗ್ ಕಿತ್ತು ಹೀಟ್‌ಸಿಂಕ್ ಮತ್ತು ಟ್ರಾನ್ಸ್‌ಫಾರ್ಮರ್ ಮುಟ್ಟಿ. ಬೆಚ್ಚಗಿದ್ದರೆ ಸರಿ, ಮೂರು ಸೆಕೆಂಡ್ ಬೆರಳು ಇಡಲಾಗದಿದ್ದರೆ ಮುಚ್ಚಬೇಡಿ, ಎಲ್ಲೋ ಇನ್ನೂ ತಪ್ಪಿದೆ. ವಾರ್ನಿಷ್ ಸುಟ್ಟ ವಾಸನೆ ಬಂದರೂ ಅಷ್ಟೇ.

ಸ್ಪೀಕರ್ ಮತ್ತೆ ಕೂರಿಸುವಾಗ ಅಂಚಿನ ಫೋಮ್ ಪಟ್ಟಿ ಮರೆಯಬೇಡಿ. ಸಂದಿ ಉಳಿದರೆ ಬೇಸ್ ಜೊತೆ ಪುಸ್ ಪುಸ್ ಅಂತ ಗಾಳಿ ಬರುತ್ತದೆ. ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗಾಳಿ ತೂತಿನ ಒಳಬದಿಗೆ ಸೊಳ್ಳೆ ಪರದೆಯ ಒಂದು ತುಂಡು ಅಂಟಿಸಿಬಿಡಿ, ಜಿರಳೆ, ಹಲ್ಲಿ ಮತ್ತೆ ಒಳಗೆ ಸೇರುವುದಿಲ್ಲ.